ಸ್ಪೇರ್ ಬರಲ್ಲ ಸಾರ್

ಕೈಯಲ್ಲಿ ಹಿಡಿಯುವ ರೆಕಾರ್ಡರ್ ತಾನಾಗಿ ಸಾಯುವುದಿಲ್ಲ. ಅದನ್ನು ಸಾಯಿಸುತ್ತಾರೆ. ತುಂಬಾ ಮರ್ಯಾದೆಯಿಂದ, ಇಮೇಲ್ ಕಳಿಸಿ.

“ತಾವು ವಿಚಾರಿಸಿದ ಮಾದರಿಯ ತಯಾರಿಕೆ ನಿಂತಿದೆ. ಬಿಡಿಭಾಗಗಳು ಲಭ್ಯವಿಲ್ಲ. ನಮ್ಮ ಹೊಸ ಮಾದರಿಗಳನ್ನು ದಯವಿಟ್ಟು ಗಮನಿಸಿ.” ಮೊದಲ ವಾಕ್ಯ ಸಾವಿನ ಸುದ್ದಿ. ಎರಡನೆಯದು ತಿಥಿ. ಮೂರನೆಯದು ಹೊಸ ಸಂಬಂಧದ ಜಾತಕ.

ಅಷ್ಟಕ್ಕೂ ಕೆಟ್ಟಿದ್ದೇನು? ಮೈಕು ಸರಿಯಿದೆ. ಪರದೆ ಬೆಳಗುತ್ತದೆ. ಹೆಡ್‌ಫೋನ್ ಜ್ಯಾಕು ಸವೆದು ಒಂದು ಕಿವಿಗೆ ಹಾಡು, ಇನ್ನೊಂದು ಕಿವಿಗೆ ಗರಗರ. ಒಳಗಿನ ಗಡಿಯಾರ ಓಡಿಸುವ ಪುಟ್ಟ ಬ್ಯಾಟರಿ ಸತ್ತಿದೆ. ಹಾಗಾಗಿ ಈ ಯಂತ್ರದ ಪ್ರಕಾರ ನಾನು ಹಾಡಿಸಿದ ಅಜ್ಜಿಯರೆಲ್ಲ ಒಂದೇ ದಿನ, ಜನವರಿ 1ರ ನಡುರಾತ್ರಿಯೇ ಹಾಡಿದ್ದಾರೆ. ಮೈಮೇಲಿನ ರಬ್ಬರಿನಂಥ ಲೇಪ ಕರಗಿ ಅಂಟಂಟಾಗಿದೆ. ಇಷ್ಟೇ.

ಈ ಅಂಟಿನ ಕತೆ ಕೇಳಿ. ಅದು ಪಾಲಿಯುರೇಥೇನ್ ಲೇಪ. ಗಾಳಿಯ ತೇವ ತಾಗಿ ತಾಗಿ ಒಡೆಯುತ್ತದೆ. ರಸಾಯನಶಾಸ್ತ್ರ ಓದಿದವರಿಗೆ ಇದು ಹೊಸ ವಿಷಯವಲ್ಲ. ಕಂಪನಿಗಳಿಗೂ ಅಲ್ಲ. ಆದರೂ ಬಳಿದರು. ಮುಟ್ಟಿದರೆ ಹಿತವಾಗಿರಬೇಕಂತೆ. ಯಾರಿಗೆ? ಅಂಗಡಿಯಲ್ಲಿ ನಿಂತು ಮುಟ್ಟಿ ನೋಡುವವನಿಗೆ. ಕರಾವಳಿಯ ಮಳೆಗಾಲಗಳಲ್ಲಿ ಅದನ್ನು ಹೊತ್ತು ತಿರುಗುವವನಿಗಲ್ಲ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಉಜ್ಜಿದರೆ ಅಂಟು ಹೋಗುತ್ತದೆ. ಈ ಒಂದು ಸಾಲಿಗೆ ಕೈಪಿಡಿಯಲ್ಲಿ ಜಾಗವಿರಲಿಲ್ಲ. ‘ನೀರಿನಲ್ಲಿ ಮುಳುಗಿಸಬೇಡಿ’ ಎಂಬುದಕ್ಕೆ ಹತ್ತಾರು ಭಾಷೆಗಳಲ್ಲಿ ಜಾಗವಿತ್ತು. ಅದರಲ್ಲಿ ಕನ್ನಡ ಇರಲಿಲ್ಲ, ಬಿಡಿ.

ಗ್ರಾಹಕ ಸೇವೆಗೆ ಫೋನ್ ಮಾಡಿ. ಸಂಗೀತ ಕೇಳಿ. ಇನ್ನಷ್ಟು ಸಂಗೀತ ಕೇಳಿ. ಆಮೇಲೆ ಒಬ್ಬ ಹುಡುಗ ಸಿಗುತ್ತಾನೆ. ಪಾಪ, ಅವನ ಮುಂದೆ ಒಂದು ಪಟ್ಟಿಯಿದೆ. ಅದನ್ನು ದಾಟಿ ಮಾತಾಡಿದರೆ ಅವನ ಕೆಲಸ ಹೋಗುತ್ತದೆ.

“ಆಫ್ ಮಾಡಿ ಆನ್ ಮಾಡಿದ್ರಾ ಸಾರ್?”

ಮಾಡಿದೆ.

“ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ರಾ?”

ಸವೆದ ಜ್ಯಾಕು ಸಾಫ್ಟ್‌ವೇರಿನಿಂದ ಬೆಳೆಯುವುದಿಲ್ಲ ತಮ್ಮಾ.

“ಹಾಗಾದ್ರೆ ಕಾರ್ಡ್ ಫಾರ್ಮ್ಯಾಟ್ ಮಾಡ್ಬಿಡಿ ಸಾರ್.”

ಈ ಮೂರನೆಯ ಸಲಹೆಗೆ ಜೈಲಾಗಬೇಕು. ರೆಕಾರ್ಡ್ ಆಗುತ್ತಿರುವಾಗಲೇ ಬ್ಯಾಟರಿ ಕೈಕೊಟ್ಟರೆ ಫೈಲು ಸೊನ್ನೆ ಎಂದು ತೋರಿಸುವುದುಂಟು. ಧ್ವನಿ ಎಲ್ಲೂ ಹೋಗಿರುವುದಿಲ್ಲ, ಕಾರ್ಡಿನಲ್ಲೇ ಇರುತ್ತದೆ. ಫೈಲಿನ ಉದ್ದ ಎಷ್ಟೆಂದು ಅದರ ತಲೆಯಲ್ಲಿ ಬರೆಯುವ ಮುಂಚೆ ಯಂತ್ರ ಕಣ್ಣು ಮುಚ್ಚಿದೆ, ಅಷ್ಟೆ. ಕಾರ್ಡು ಹೊರತೆಗೆಯಿರಿ. ಪಕ್ಕದ ಲಾಕ್ ಜಾರಿಸಿ. ಅದರ ಮೇಲೆ ಇನ್ನೇನನ್ನೂ ರೆಕಾರ್ಡ್ ಮಾಡಬೇಡಿ. ಫೋಟೊರೆಕ್‌ನಂಥ ಪುಕ್ಕಟೆ ತಂತ್ರಾಂಶ ಹಾಕಿ ಹುಡುಕಿದರೆ ಕಳೆದದ್ದು ಎಷ್ಟೋ ಸಲ ಸಿಗುತ್ತದೆ. ಸೇವೆಯವರ ಮಾತು ಕೇಳಿ ಫಾರ್ಮ್ಯಾಟ್ ಮಾಡಿ, ಮೇಲೆ ಹೊಸದನ್ನು ತುಂಬಿದರೆ ಶಾಶ್ವತವಾಗಿ ಹೋಗುತ್ತದೆ. ಇದಕ್ಕೆ ಗ್ರಾಹಕ ಸೇವೆ ಎಂದು ಹೆಸರು. ಕರೆ ಮುಗಿದ ಮೇಲೆ ಐದು ನಕ್ಷತ್ರ ಬೇರೆ ಕೇಳುತ್ತಾರೆ.

ಕಾರ್ಡಿನದೇ ಇನ್ನೊಂದು ಗೋಳು. ಹಳೆಯ ರೆಕಾರ್ಡರುಗಳಲ್ಲಿ ಬಹಳಷ್ಟು 32 ಜಿಬಿವರೆಗಿನ ಕಾರ್ಡನ್ನಷ್ಟೇ ಓದುತ್ತವೆ. ಅದರ ಮೇಲಿನದು ಬೇರೆ ಜಾತಿ, ಬೇರೆ ಫಾರ್ಮ್ಯಾಟು. 32 ಜಿಬಿ ಎಂದರೆ ಸಿಡಿ ಗುಣಮಟ್ಟದಲ್ಲಿ ಸುಮಾರು 50 ಗಂಟೆ ಹಿಡಿಸುತ್ತದೆ. ಯಾವ ಮಂತ್ರಿಯ ಭಾಷಣಕ್ಕೂ ಸಾಕು. ಅಂಗಡಿಯವನಿಗೆ ಸಾಲದು. “32 ಎಲ್ಲಾ ಈಗ ಯಾರ್ ತಗೋತಾರೆ ಸಾರ್? 128 ತಗೊಳ್ಳಿ.” ತಗೊಂಡು ಹಾಕಿದರೆ ಯಂತ್ರ ‘ಕಾರ್ಡ್ ಎರರ್’ ಅನ್ನುತ್ತದೆ. ಆಗ ಎಲ್ಲರೂ ಸೇರಿ ಯಂತ್ರವೇ ಕೆಟ್ಟಿದೆ ಅನ್ನುತ್ತಾರೆ.

ಸೆಲ್ಲಿನದೂ ಇದೇ ಹಣೆಬರಹ. ರೀಚಾರ್ಜ್ ಸೆಲ್ 1.2 ವೋಲ್ಟ್, ಆಲ್ಕಲೈನ್ ಸೆಲ್ 1.5 ವೋಲ್ಟ್. ಒಳಗೆ ಯಾವುದಿದೆ ಎಂದು ಮೆನುವಿನಲ್ಲಿ ಹೇಳದಿದ್ದರೆ ತುಂಬಿದ ಸೆಲ್ಲನ್ನೂ ಯಂತ್ರ ಅರ್ಧ ಖಾಲಿ ಎಂದು ಓದುತ್ತದೆ. ಒಂದು ಸೆಟ್ಟಿಂಗ್. ಅದನ್ನು ಮುಟ್ಟದೆಯೇ ಎಷ್ಟು ಒಳ್ಳೆಯ ಯಂತ್ರಗಳು ಗುಜರಿಗೆ ಹೋದವೋ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತ ರಿಪೇರಿಯವರು ಯಂತ್ರ ಬಿಚ್ಚಿದರು. ಕಣ್ಣಿಗೆ ಲೆನ್ಸ್ ಇಟ್ಟು ನೋಡಿದರು. “ಜ್ಯಾಕ್ ಹಾಕ್ಕೊಡ್ತೀನಿ. ಗಡಿಯಾರದ್ ಬ್ಯಾಟ್ರೀನೂ ಬದಲಾಯಿಸ್ತೀನಿ. ಸೆಲ್ ಮುಚ್ಚಳದ ಕೊಂಡಿ ಮುರಿದಿದೆ ನೋಡಿ, ಅದು ಮಾತ್ರ ಸ್ಪೇರ್ ಬರಲ್ಲ ಸಾರ್. ಕಂಪ್ನಿಯವ್ರು ಕೊಡಲ್ಲ. ಸರ್ಕ್ಯೂಟ್ ಡಯಾಗ್ರಾಮೂ ಕೊಡಲ್ಲ.”

ಚಿಪ್ಪು ಸಿಗುವುದಿಲ್ಲ ಎಂದರೆ ಒಪ್ಪೋಣ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಜಗತ್ತಿನ ಆಡಿಯೊ ಉದ್ಯಮವೇ ತತ್ತರಿಸಿತು. ಆದರೆ ಇದು ಪ್ಲಾಸ್ಟಿಕ್ ಮುಚ್ಚಳ. ಎರಡು ಬೆರಳಗಲ. ಇದಕ್ಕೆ ಯಾವ ಬೆಂಕಿ ಬಿದ್ದಿತ್ತು?

ಕೊಡುವುದಿಲ್ಲ. ಕೊಟ್ಟರೆ ನೀವು ಹೊಸದು ಕೊಳ್ಳುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅದಕ್ಕೆ ‘ನಿಮ್ಮ ಸುರಕ್ಷತೆಗಾಗಿ ಬಿಚ್ಚಬೇಡಿ’ ಎಂಬ ಸ್ಟಿಕರ್. ಎರಡು ಪೆನ್ ಸೆಲ್ಲಿನ ಯಂತ್ರ ಬಿಚ್ಚಿ ಸತ್ತವರು ಯಾರು? ಅದೇ ಕಂಪನಿಯ ಹೊಸ ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರ. ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲಿ ಪೆಟ್ಟಿಗೆ ಮಾಡಿದ್ದಾರಂತೆ, ಭೂಮಿತಾಯಿಗಾಗಿ. ಪೆಟ್ಟಿಗೆ ಮಣ್ಣಾಗುತ್ತದೆ. ಒಳಗಿನ ಯಂತ್ರ ಕಸವಾಗುತ್ತದೆ, ಮಣ್ಣಾಗುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. ಸಮಿತಿ ಮಾಡಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಎಂಬುದಕ್ಕೆ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕ ದಿನ ನೋಡಿಕೊಂಡು ಪೋರ್ಟಲ್ ಉದ್ಘಾಟನೆ. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ. 2025ರಲ್ಲಿ ಇನ್ನೊಂದು ಸಮಿತಿಯ ವರದಿ: ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟುಗಳ ರಿಪೇರಿ ಎಷ್ಟು ಸುಲಭ ಎಂದು ಮೊದಲು ಅಂಕ ಕೊಡೋಣ. ಅಂಕ ಕೊಡುವುದರಲ್ಲಿ ನಾವು ನಿಪುಣರು. ಫೇಲು ಮಾಡುವುದಕ್ಕೆ ಮಾತ್ರ ಕಾನೂನಿಲ್ಲ.

ಇ-ತ್ಯಾಜ್ಯಕ್ಕೆ ನಿಯಮ ಇದೆ. 2023ರ ಏಪ್ರಿಲ್ 1ರಿಂದ ಜಾರಿ. ಯಂತ್ರಗಳನ್ನು ಒಡೆದು ತಾಮ್ರ, ಚಿನ್ನ ತೆಗೆಯುವ ನೋಂದಾಯಿತ ಘಟಕಕ್ಕೆ ಪ್ರಮಾಣಪತ್ರ. ತಯಾರಕರು ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಒಡೆಯದಂತೆ ಕಾಪಾಡಿದ ಮೆಟ್ಟಿಲ ಕೆಳಗಿನವರಿಗೆ ಏನು? ಅದೃಷ್ಟ ಚೆನ್ನಾಗಿದ್ದರೆ ಏನೂ ಇಲ್ಲ. ಇಲ್ಲದಿದ್ದರೆ ಜಾಗ ಖಾಲಿ ಮಾಡಿ ಎಂಬ ನೋಟಿಸು.

ನ್ಯಾಯಾಲಯದ ಬಾಗಿಲಲ್ಲಿ ಇನ್ನೂ ಚೆಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಕೊಡುವವರು ಯಂತ್ರದ ವಿವರ ಕೊಡಬೇಕು. ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಎನ್ನಬೇಕು. ಫೈಲಿನ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ಬರೆಯಬೇಕು. ತಜ್ಞರ ಸಹಿ ಹಾಕಿಸಬೇಕು. ಸರಿ. ಯಂತ್ರ ಸರಿಯಿರಬೇಕು ಎಂಬುದು ಕಾನೂನು. ಸರಿಪಡಿಸಲು ಬೇಕಾದ್ದನ್ನು ಕೊಡಿ ಎಂಬುದು ಕಾನೂನಲ್ಲ. ನಮ್ಮ ನಾಯಕರಿಗಂತೂ ಇದು ಹಬ್ಬ. ಆಡಿಯೊ ಹೊರಬಿದ್ದ ಕೂಡಲೇ ‘ಧ್ವನಿ ನನ್ನದಲ್ಲ, ತಿರುಚಿದ್ದಾರೆ’ ಎನ್ನುವುದು ಅವರ ವಾಡಿಕೆ. ಗಡಿಯಾರ ಸತ್ತ ಯಂತ್ರದಲ್ಲಿ ಜನವರಿ 1 ಎಂದು ಬಿದ್ದಿದ್ದರೆ ತಿರುಚುವ ಶ್ರಮವೂ ಬೇಡ.

ಹಾಗಾದರೆ ಹೊಸದೇ ಕೊಳ್ಳೋಣ.

ಮೊದಲ ಮಾಲು: 32 ಬಿಟ್ ಫ್ಲೋಟ್. ಲೆವೆಲ್ ನೋಡುವ ಗೊಡವೆಯೇ ಇಲ್ಲ, ಪಿಸುಮಾತೂ ಸಿಗುತ್ತದೆ, ಕೂಗೂ ಒಡೆಯುವುದಿಲ್ಲ. ಇದು ನಿಜವಾಗಿಯೂ ಒಳ್ಳೆಯದು. ಆದರೆ ಮೈಕೇ ತಡೆಯದ ಸದ್ದನ್ನು ಎಷ್ಟು ಬಿಟ್ ಇದ್ದರೂ ಉಳಿಸಲಾಗದು. ಅದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ.

ಎರಡನೆಯ ಮಾಲು: ಎಟಿಎಂ ಕಾರ್ಡಿನಷ್ಟು ತೆಳು. ಆಪ್ ಬೇಕು. ಲಾಗಿನ್ ಬೇಕು. ತಿಂಗಳಿಗೆ ಇಷ್ಟು ನಿಮಿಷ ಪುಕ್ಕಟೆ, ಮೇಲೆ ಚಂದಾ. ಹೇಳಿದ್ದನ್ನೆಲ್ಲ ಕೇಳಿ ಅದೇ ಸಾರಾಂಶ ಬರೆದುಕೊಡುತ್ತದೆ. ರಾತ್ರಿಯಿಡೀ ಹಾಡಿದ ಕಾವ್ಯಕ್ಕೆ ಐದು ಮುಖ್ಯಾಂಶ! ಬ್ಯಾಟರಿಯನ್ನು ಒಳಗೇ ಅಂಟಿಸಿದೆ. ಪೆನ್ ಸೆಲ್ಲು ಬೆಟ್ಟದ ಮೇಲಿನ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಅಂಟಿಸಿದ ಬ್ಯಾಟರಿ ಎಲ್ಲಿ ಸಿಗುತ್ತದೆ? ಅದರ ಆಯಸ್ಸು ಮುಗಿದ ದಿನ ಯಂತ್ರದ್ದೂ ಮುಗಿಯಿತು. ಮುಚ್ಚಳದ ಸಮಸ್ಯೆಗೆ ಪರಿಹಾರ ಕಂಡುಹಿಡಿದಿದ್ದಾರೆ. ಮುಚ್ಚಳವನ್ನೇ ತೆಗೆದುಹಾಕಿದ್ದಾರೆ.

ಮೂರನೆಯ ಮಾಲು: ನನ್ನ ಹಳೆಯ ಮಾದರಿಯೇ, ಸೆಕೆಂಡ್ ಹ್ಯಾಂಡ್. ನನ್ನ ಕೈಯಲ್ಲಿದ್ದರೆ ಗುಜರಿ. ಮಾರುವವನ ಕೈಯಲ್ಲಿ ‘ವಿಂಟೇಜ್’.

“ಮೊಬೈಲಲ್ಲೇ ಮಾಡ್ಕೊಳ್ಳಿ ಸಾರ್, ಯಾಕ್ ಇದೆಲ್ಲಾ?” ಎನ್ನುವ ಬುದ್ಧಿವಂತರು ಎಲ್ಲ ಊರಲ್ಲೂ ಇದ್ದಾರೆ. ಮಾಡಿ ನೋಡಿ. ಮೊಬೈಲು ತಾನೇ ಸದ್ದು ಏರಿಸುತ್ತದೆ, ಇಳಿಸುತ್ತದೆ, ಗಲಾಟೆ ಎನಿಸಿದ್ದನ್ನು ಒರೆಸುತ್ತದೆ. ಮಾತಿಗೆಂದು ಹೊಂದಿಸಿದ ಲೆಕ್ಕ ಅದು. ಕಂಸಾಳೆ ಅದಕ್ಕೆ ಗಲಾಟೆ. ತಂಬೂರಿಯ ಶ್ರುತಿ ಅದಕ್ಕೆ ಫ್ಯಾನಿನ ಸದ್ದು. ಮಾದಪ್ಪನ ಕತೆ ಏರುವ ಹೊತ್ತಿಗೆ ಸರಿಯಾಗಿ ‘ಪರ್ಸನಲ್ ಲೋನ್ ಬೇಕಾ ಸಾರ್’ ಎಂಬ ಕರೆ.

ಇನ್ನು ಪರಂಪರೆಯ ರಕ್ಷಕರು. ಇವರದು ಬೇರೆಯೇ ವರಸೆ.

1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ ಅವರೂ ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೂ ಸೇರಿ ಮುದ್ರಿಸಿಕೊಂಡರು. 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಲ್ಲಿ ಪುಸ್ತಕವಾಯಿತು. ಯಂತ್ರ ಓಡಿತು, ಕಾವ್ಯ ಉಳಿಯಿತು. ‘ಮೌಖಿಕ ಪರಂಪರೆ ಉಳಿಸಬೇಕು’ ಎಂಬ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಭಾಷಣ ಮುಗಿದ ಮೇಲೆ ಆ ರಕ್ಷಕರ ಕಚೇರಿಗೆ ಹೋಗಿ. ರೆಕಾರ್ಡರ್ ಉಕ್ಕಿನ ಬೀರುವಿನಲ್ಲಿದೆ. ಬೀರುವಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದಾರೆ. ಸೆಲ್ಲು ಒಳಗೇ ಉಳಿದು, ಸೋರಿ, ಬಿಳಿ ಪುಡಿ ಕಟ್ಟಿದೆ. ಅದು ಕ್ಷಾರ. ಹತ್ತಿಯಲ್ಲಿ ಚೂರು ನಿಂಬೆರಸ ಹಚ್ಚಿ ಒರೆಸಿ ಒಣಗಿಸಿದರೆ ಎಷ್ಟೋ ಯಂತ್ರ ಎದ್ದು ಕೂರುತ್ತವೆ. ಆದರೆ ನಿಂಬೆಹಣ್ಣು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ? ಹೊಸದು ಕೊಳ್ಳಲು ಅನುದಾನವಿದೆ. ಟೆಂಡರಿದೆ. ಟೆಂಡರಿನಲ್ಲಿ ಆಸಕ್ತಿಯೂ ಇದೆ. ದಾಸ್ತಾನು ಪುಸ್ತಕದಲ್ಲಿ ‘ನಿರುಪಯುಕ್ತ’ ಎಂದು ಬರೆಯಲು ಒಂದು ಸಹಿ ಸಾಕು. ರಿಪೇರಿ ಬಿಲ್ಲು ಪಾಸಾಗಲು ಊರೆಲ್ಲ ಸಹಿ ಹಾಕಬೇಕು.

ಸೋನಿ 1992ರಲ್ಲಿ ಮಿನಿಡಿಸ್ಕ್ ತಂದಾಗ ಮುಂದಿನ ಕಾಲ ಅದರದೇ ಎಂದರು. 2025ರ ಫೆಬ್ರವರಿಯಲ್ಲಿ ಖಾಲಿ ಡಿಸ್ಕಿನ ತಯಾರಿಕೆಯೂ ನಿಂತಿತು. ಆದರೆ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಗೆಂದು ಸುಮಾರು ನೂರು ವರ್ಷದ ಹಿಂದೆ ಮಾಡಿಸಿದ ಗ್ರಾಮಫೋನ್ ತಟ್ಟೆಗಳ ದನಿ ಇವತ್ತಿಗೂ ಕೇಳಸಿಗುತ್ತದೆ. ಅದಕ್ಕೆ ಮುಳ್ಳೊಂದಿದ್ದರೆ ಸಾಕು, ಲಾಗಿನ್ ಬೇಡ. ಮುಂದಿನ ನೂರು ವರ್ಷಕ್ಕೆ ನಾವು ಬಿಟ್ಟುಹೋಗುವುದು ಪಾಸ್‌ವರ್ಡ್ ಮರೆತ ಕ್ಲೌಡು.

ನನ್ನ ರೆಕಾರ್ಡರಿನ ಜ್ಯಾಕು ಹೊಸದಾಗಿದೆ, ಗಡಿಯಾರ ಓಡುತ್ತಿದೆ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಬಿದ್ದಿದೆ. ಕಂಪನಿ ಕೊಟ್ಟ ಸಾವಿನ ಸುದ್ದಿ ಯಂತ್ರಕ್ಕೆ ಇನ್ನೂ ತಲುಪಿಲ್ಲ.

ಹೊಸದು ಬೇಕೇಬೇಕು ಎನ್ನುವವರು ಅಂಗಡಿಯಲ್ಲಿ ಎಷ್ಟು ಬಿಟ್ ಎಂದು ಕೇಳಬೇಡಿ. ಮೂರೇ ಪ್ರಶ್ನೆ ಕೇಳಿ. ಸೆಲ್ಲು ನಾನೇ ಬದಲಿಸಬಹುದೆ? ಆಪು, ಚಂದಾ ಇಲ್ಲದೆ ನನ್ನ ಫೈಲು ನನ್ನ ಕೈಗೆ ಬರುತ್ತದೆಯೆ? ಬಿಡಿಭಾಗ ಎಷ್ಟು ವರ್ಷ ಕೊಡುತ್ತೀರಿ, ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ?

ಮೂರನೆಯ ಪ್ರಶ್ನೆಗೆ ಅಂಗಡಿಯವನು ನಗುತ್ತಾನೆ. ಆ ನಗುವನ್ನು ರೆಕಾರ್ಡ್ ಮಾಡಿಕೊಳ್ಳಿ. ಹಳೆಯದರಲ್ಲೇ.