ಆಲ್ಮೋಸ್ಟ್ ಅಪ್ಪ

ಹಡಗಿನ ಮಕ್ಕಳ ಕ್ಲಬ್ಬಿನ ಕೌಂಟರಿನಲ್ಲಿ ಕೂತ ಹುಡುಗಿ ಮೊದಲು ಕೇಳುವ ಪ್ರಶ್ನೆ: "ಮಗು ಪಾಟಿ ಟ್ರೇನ್ಡಾ?" ಅವಳ ಕಂಪ್ಯೂಟರಿನಲ್ಲಿ ಅದಕ್ಕೆ ಹೌದು, ಇಲ್ಲ ಎಂದು ಎರಡೇ ಉತ್ತರ. ಆಲ್ಮೋಸ್ಟ್ ಅಪ್ಪ ಮೂರನೆಯದನ್ನು ಕೊಡುತ್ತಾನೆ.

"ಆಲ್ಮೋಸ್ಟ್."

ಹಾಗೆನ್ನುವಾಗ ಅವನ ಮುಖದಲ್ಲಿ, "ಖಾತೆ ಆಗ್ತಾ ಇದೆ ಸಾರ್, ಅಡ್ವಾನ್ಸ್ ಕೊಟ್ಬಿಡಿ" ಅನ್ನುವ ಸೈಟು ಬ್ರೋಕರನ ನೆಮ್ಮದಿ ಇರುತ್ತದೆ. ಪಕ್ಕದಲ್ಲಿ ನಿಂತ ಮಗು ಅದೇ ಹೊತ್ತಿಗೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಳ್ಳುತ್ತಿರುತ್ತದೆ.

ಈ ಜಾತಿಯ ಅಪ್ಪಂದಿರು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲೋ ಸ್ಪ್ರಿಂಗ್ ಬ್ರೇಕಿನಲ್ಲೋ ಮಯಾಮಿ, ಪೋರ್ಟ್ ಕೆನವೆರಲ್, ಗಾಲ್ವೆಸ್ಟನ್ ಬಂದರುಗಳಲ್ಲಿ ಧಾರಾಳವಾಗಿ ಕಾಣಸಿಗುತ್ತಾರೆ. ಮುಂದೆ ಸ್ಟ್ರಾಲರ್, ಹೆಗಲಿಗೆ ಪಾಸ್‌ಪೋರ್ಟುಗಳ ಚೀಲ, ಹಿಂದೆ ಊರಿಂದ ಬಂದ ಅತ್ತೆ ಮಾವ. ಬೆಂಕಿಯ ಭಯಕ್ಕೆ ರೈಸ್ ಕುಕ್ಕರನ್ನು ಹಡಗಿಗೆ ಬಿಡುವುದಿಲ್ಲವಾದ್ದರಿಂದ ಚಟ್ನಿಪುಡಿ, ಗೊಜ್ಜವಲಕ್ಕಿಯ ಪೊಟ್ಟಣಗಳು ಮಾತ್ರ ಸೂಟ್‌ಕೇಸಿನ ತಳದಲ್ಲಿ ಅಡಗಿರುತ್ತವೆ. ಇಲ್ಲಿ ಚಿತ್ರಿಸುತ್ತಿರುವ ಅಪ್ಪ ಡಲ್ಲಾಸಿನವನು, ಗಾಲ್ವೆಸ್ಟನ್ನಿನಿಂದ ಕೋಜುಮೆಲ್‌ಗೆ ಹೊರಟವನು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹಿಡಿಯುವುದಕ್ಕೇ ಅವನಿಗೆ ಸಂಬಳ. ಮಗನ ವಿಷಯದಲ್ಲಿ ಮಾತ್ರ ಆ ಗುಣವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. (ಹಿಂದೆ ನಿಂತಿದ್ದ ಮಾವ ಅಂದರೆ ಈ ಸಾಲುಗಳನ್ನು ಬರೆಯುತ್ತಿರುವವನೇ. ಮುಚ್ಚಿಟ್ಟು ಪ್ರಯೋಜನವಿಲ್ಲ.)

ಪ್ರಶ್ನೆಗೆ ಕಾರಣವಿದೆ. 6 ತಿಂಗಳು ತುಂಬಿದ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುತ್ತವೆ. ಅದರ ಬುಡ ತೊಳೆಯುವವರು ಯಾರು ಎನ್ನುವುದರಲ್ಲಿ ಮಾತ್ರ ಕಂಪನಿಗೊಂದು ಮಡಿ. ರಾಯಲ್ ಕೆರಿಬಿಯನ್‌ನ ಕ್ಲಬ್ಬಿಗೆ 3 ವರ್ಷ ತುಂಬಿರಬೇಕು, ಡೈಪರ್ ಇರಬಾರದು; ಚಡ್ಡಿಯ ಹಾಗೆ ಏರಿಸುವ ಪುಲ್-ಅಪ್ಪೂ ಡೈಪರಿನ ಲೆಕ್ಕವೇ. ಡಿಸ್ನಿ ಹಡಗುಗಳಲ್ಲಿ 3 ದಾಟಿ ಶೌಚ ಕಲಿತವರಿಗೆ ಕ್ಲಬ್ಬು, ಅದಕ್ಕಿಂತ ಚಿಕ್ಕವರಿಗೆ ಗಂಟೆ ಲೆಕ್ಕದ ನರ್ಸರಿ. ಕಾರ್ನಿವಲ್‌ನವರು ಉದಾರಿಗಳು, 2 ವರ್ಷದವರನ್ನೂ ಸೇರಿಸಿಕೊಂಡು ಡೈಪರ್ ಕೂಡ ಬದಲಿಸಿಕೊಡುತ್ತಾರೆ. ನಾರ್ವೀಜಿಯನ್‌ನವರು ಬದಲಿಸುವುದಿಲ್ಲ, ಹೆತ್ತವರನ್ನೇ ಕರೆಸುತ್ತಾರೆ. ಈ ಎಲ್ಲ ಕಟ್ಟಳೆಗಳ ನಡುವೆ ಒಂದು ಸಂದು ಉಳಿಯುತ್ತದೆ. ನರ್ಸರಿಯ ವಯಸ್ಸು ಮೀರಿದ, ಕ್ಲಬ್ಬಿಗೆ ಬೇಕಾದಷ್ಟು ಒಣಗದ 3 ವರ್ಷದ ಮಗು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ತ್ರಿಶಂಕುವಾಗಿ ನಿಲ್ಲುತ್ತದೆ. "ಆಲ್ಮೋಸ್ಟ್" ಎಂಬ ಪದ ಹುಟ್ಟಿದ್ದು ಆ ಸಂದಿನಲ್ಲಿ.

ಹಡಗಿನವರದು ಬರೀ ಕೊಂಕು ಎನ್ನುವಂತಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ದಶಕದಿಂದಲೂ ಹಡಗುಗಳ ನೈರ್ಮಲ್ಯಕ್ಕೆಂದೇ ಪ್ರತ್ಯೇಕ ವಿಭಾಗ ನಡೆಸುತ್ತಿದೆ. ಮಕ್ಕಳ ಕೋಣೆಯ ಕಮೋಡು 11 ಇಂಚಿಗಿಂತ ಎತ್ತರ ಇರಬಾರದೆಂದು ಅಳತೆ ಬರೆದಿಟ್ಟಿರುವ ಜನ ಅವರು. ಡೈಪರ್ ಕಟ್ಟಿದ ಮಗು ಸಾಮಾನ್ಯ ಈಜುಕೊಳಕ್ಕೆ ಇಳಿಯುವಂತಿಲ್ಲ. ನಾಲ್ಕೈದು ಸಾವಿರ ಮಂದಿ ಒಂದೇ ಸೂರಿನಡಿ ತಿಂದು ಮಲಗುವ ಕಡೆ ನೊರೊವೈರಸ್ ಒಮ್ಮೆ ಹೊಕ್ಕರೆ, ಆಮೇಲೆ ಪ್ರಯಾಣಿಕರು ಸಮುದ್ರ ನೋಡುವುದು ಬಚ್ಚಲಿನಿಂದಲೇ.

ಇದನ್ನೆಲ್ಲ ಆಲ್ಮೋಸ್ಟ್ ಅಪ್ಪನಿಗೆ ಹೇಳಿ ಫಲವಿಲ್ಲ. ಅವನು ಎಲ್ಲವನ್ನೂ ಓದಿಕೊಂಡೇ ಬಂದಿರುತ್ತಾನೆ. "ಮಗು ರೆಡಿ ಆದಾಗ ತಾನೇ ಕಲಿಯತ್ತೆ ಅತ್ತೆ, ನಾವು ಫೋರ್ಸ್ ಮಾಡಬಾರದು" ಎಂದು ಡಾಕ್ಟರ್ ಬ್ರೇಜಲ್ಟನ್ನರನ್ನು ಮುಂದಿಡುತ್ತಾನೆ. 1962ರಲ್ಲಿ 1170 ಮಕ್ಕಳ ದಾಖಲೆ ನೋಡಿ, ಹಗಲಿನ ಹತೋಟಿ ಸರಾಸರಿ 28.5 ತಿಂಗಳಿಗೆ ಬರುತ್ತದೆಂದು ಬರೆದವರು ಆ ಬ್ರೇಜಲ್ಟನ್. ಅದಕ್ಕೆ ಒಂದು ವರ್ಷ ಮುಂಚೆ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿತ್ತು. ಪುಲ್-ಅಪ್ಸ್ ಬಂದದ್ದು 1989ರಲ್ಲಿ. 1998ರಲ್ಲಿ ಪ್ಯಾಂಪರ್ಸಿನ ದೊಡ್ಡ ಮಕ್ಕಳ 6ನೇ ಸೈಜು ಬಂದಾಗ ಜಾಹೀರಾತಿನಲ್ಲಿ ಕಾಣಿಸಿಕೊಂಡವರೂ ಇದೇ ಬ್ರೇಜಲ್ಟನ್. ಈ ಕೊನೆಯ ಸಂಗತಿಯನ್ನು ಅಳಿಯ ಎಂದೂ ಪ್ರಸ್ತಾಪಿಸುವುದಿಲ್ಲ.

ಅತ್ತೆಯವರ ವೈದ್ಯಶಾಸ್ತ್ರವೇ ಬೇರೆ. ತುಮಕೂರಿನ ಹಿತ್ತಲಿನಲ್ಲಿ ಎರಡೂ ಕಾಲು ಚಾಚಿ ಕೂತು, ಪಾದಗಳ ನಡುವೆ ಮಗುವನ್ನು ಕೂರಿಸಿಕೊಂಡು "ಸುಸ್ಸ್ಸ್" ಅನ್ನುವುದು. ಹಾಲು ಕುಡಿದು ಹತ್ತು ನಿಮಿಷಕ್ಕೊಮ್ಮೆ, ನಿದ್ದೆಯಿಂದ ಎದ್ದ ಕೂಡಲೆ ಇನ್ನೊಮ್ಮೆ. "ಒದ್ದೆ ಆಯ್ತು ಅಂತ ಗೊತ್ತಾದ್ರೆ ತಾನೆ ಅಳಿಯಂದ್ರೇ ಮಗು ಹೇಳೋದು? ಒದ್ದೆ ಗೊತ್ತಾಗ್ದಿರೋ ಹಾಗೆ ಕಟ್ಬಿಟ್ರೆ?" ಎಂದವರು ಕೇಳಿದಾಗ ಅಳಿಯ ಫೋನಿನಲ್ಲಿ ಸ್ಟಿಕ್ಕರ್ ಚಾರ್ಟಿನ ಆ್ಯಪ್ ತೆರೆದು ತೋರಿಸಿದ. ಹೋದರೆ ನಕ್ಷತ್ರ, ಹೋಗದಿದ್ದರೂ ಪ್ರಯತ್ನಕ್ಕೊಂದು ನಕ್ಷತ್ರ. ಪುಟ್ಟನ ಹೆಸರಿನಲ್ಲಿ ಆಗಲೇ ಒಂದು ಆಕಾಶದಷ್ಟು ನಕ್ಷತ್ರ ಜಮೆಯಾಗಿದ್ದವು.

ಎರಡನೇ ರಾತ್ರಿ ಠಾಕುಠೀಕಾಗಿ ಉಟ್ಟು ತೊಟ್ಟು ಊಟಕ್ಕೆ ಹೋಗುವ ದಿನ. ಮಗಳು ಮೈಸೂರು ಸಿಲ್ಕ್ ಉಟ್ಟಿದ್ದಳು, ಅಳಿಯ ಟೈ ಕಟ್ಟಿದ್ದ. "ಆಲ್ಮೋಸ್ಟ್" ಕೌಂಟರಿನಲ್ಲಿ ಅದು ಹೇಗೋ "ಹೌದು" ಆಗಿ, ಕರೆ ಬಂದರೆ ಇರಲಿ ಎಂದು ಅಳಿಯನ ಕೈಗೊಂದು ಪುಟ್ಟ ಫೋನನ್ನೂ ಕೊಟ್ಟಿದ್ದರು. ಊಟದ ಮನೆ 5ನೇ ಅಂತಸ್ತು, ಕ್ಲಬ್ಬು 12ನೆಯದು. ಸೂಪಿಗೆ ಚಮಚ ಅದ್ದಿದ ಕೂಡಲೆ ಫೋನು ಕುಂಯ್ ಎಂದಿತು. ಅಳಿಯ ಎದ್ದು ಓಡಿದ. ಲಿಫ್ಟುಗಳೆಲ್ಲ ಸೆಂಟು ಪೂಸಿಕೊಂಡ ಜನರಿಂದ ತುಂಬಿದ್ದವು, ಮೆಟ್ಟಿಲಲ್ಲೇ ಹೋದನಂತೆ. ತಿರುಗಿ ಬಂದಾಗ ಟೈ ಹೆಗಲ ಮೇಲಿತ್ತು. "ಏನಿಲ್ಲ, ಫಾಲ್ಸ್ ಅಲಾರ್ಮ್." ಚಡ್ಡಿ ಮಾತ್ರ ಬದಲಾಗಿತ್ತಂತೆ, ಅದು ಯಾವ ರೀತಿಯ ಫಾಲ್ಸು ಎಂದು ಯಾರೂ ಕೇಳಲಿಲ್ಲ. ಪಾಸ್ತಾ ಬರುವ ಹೊತ್ತಿಗೆ ಮತ್ತೆ ಕುಂಯ್.

ಮೂರನೇ ಕುಂಯ್‌ಗೆ ಅವನು ಏಳಲಿಲ್ಲ. ಬೆವರಿದ್ದ. "ಮಾವ, ಈ ಸಲ ನೀವೊಂದು ಹೆಜ್ಜೆ ಹೋಗಿ ಬರ್ತೀರಾ?"

ಒಂದು ಹೆಜ್ಜೆಯೆಂದರೆ ಏಳು ಮಹಡಿ. ಮಾವ ಹೋದರು. ಗಾಜಿನ ಬಾಗಿಲಾಚೆ ಪುಟ್ಟ ಕಾಲಗಲಿಸಿ ನಿಂತು "ತಾತಾ" ಎಂದು ಕೈ ಚಾಚಿದ. ಕೌಂಟರಿನ ಹುಡುಗಿ ಪಟ್ಟಿ ನೋಡಿ, ಮಗುವನ್ನು ಕರೆದೊಯ್ಯಲು ಅನುಮತಿ ಇರುವವರಲ್ಲಿ ನಿಮ್ಮ ಹೆಸರಿಲ್ಲ ಸರ್ ಎಂದಳು. ಅವಳು ಒದ್ದೆ ಚಡ್ಡಿ ಮುಟ್ಟುವಂತಿಲ್ಲ, ತಾತ ಮಗುವನ್ನು ಮುಟ್ಟುವಂತಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೂತು, ಸಹಿ ತಾಳೆಯಾಗುವುದಿಲ್ಲವೆಂದು ಎಷ್ಟೋ ಜನ ಮುದುಕರನ್ನು ವಾಪಸ್ ಕಳಿಸಿದವರು ಈ ಮಾವ. ಅವರೆಲ್ಲರ ಶಾಪ ಮೆಕ್ಸಿಕೋ ಕೊಲ್ಲಿಯ ನಡುನೀರಿನಲ್ಲಿ ಒಟ್ಟಾಗಿ ತಟ್ಟಿತು. ಕೊನೆಗೆ ಅಳಿಯನೇ ಬಂದು, ಮಗುವನ್ನು ಬಿಡಿಸಿಕೊಂಡು, ಮುಂದಾಲೋಚನೆಯಿಂದ ಮಾವನ ಹೆಸರನ್ನೂ ಪಟ್ಟಿಗೆ ಸೇರಿಸಿದ. ಅಲ್ಲಿಗೆ ಉಳಿದ ದಿನಗಳ ಕುಂಯ್‌ಗಳೆಲ್ಲ ಯಾರ ಪಾಲಾದವೆಂದು ಹೇಳಬೇಕಾಗಿಲ್ಲ.

ಹೀಗೆ ಕೆಲಸಕ್ಕಿಳಿದ ಮೇಲೆ ಮಾವನಿಗೆ ಒಂದು ರಹಸ್ಯ ತಿಳಿಯಿತು. ಪುಟ್ಟನಿಗೆ ಗೊತ್ತಿತ್ತು. ಬಂತು ಅನ್ನುವುದು ಗೊತ್ತಿತ್ತು, ಹೇಳುವುದೂ ಗೊತ್ತಿತ್ತು. ಡಲ್ಲಾಸಿನ ಮನೆಯಲ್ಲಿ ಸುಮಾರಾಗಿ ಸರಿಯಾಗಿಯೇ ಹೋಗುತ್ತಿದ್ದ. ಅವನ ಭಯವೆಲ್ಲ ಹಡಗಿನ ಕಮೋಡಿನದು. ಹಡಗಿನಲ್ಲಿ ನೀರು ಸುರಿದು ಕೊಚ್ಚುವ ಪದ್ಧತಿ ಇಲ್ಲ. ಪೈಪಿನೊಳಗಿನ ಗಾಳಿ ಹೀರಿಟ್ಟು, ಗುಂಡಿ ಒತ್ತಿದಾಗ ಕವಾಟ ತೆರೆದು, ಲೀಟರಿನ ಆಸುಪಾಸು ನೀರಿನಲ್ಲಿ ಎಲ್ಲವನ್ನೂ ಸೆಳೆದುಕೊಳ್ಳುತ್ತದೆ. ಜಾಣ ವ್ಯವಸ್ಥೆ, ಆದರೆ ಹಿರಣ್ಯಕಶಿಪುವಿನ ಕಂಬ ಒಡೆದಂಥ ಸದ್ದು. "ಅದು ನನ್ನ ತಿನ್ನತ್ತೆ ತಾತಾ" ಎಂದ ಪುಟ್ಟ. ತಾತನೂ ಮೊದಲ ದಿನ ಒಳಗಿಂದ ಪಂಚೆ ಹಿಡಿದುಕೊಂಡೇ ಹೊರಗೆ ಹಾರಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವತ್ತು ಪುಟ್ಟನಿಗೆ ಹೇಳಿದರು.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಪುಟ್ಟ ಕೂರುವಾಗ ತಾತ ಬಾಗಿಲಲ್ಲಿ ನಿಲ್ಲುವುದು. ಮುಗಿದ ಮೇಲೆ ಪುಟ್ಟ ಎರಡೂ ಕಿವಿ ಮುಚ್ಚಿಕೊಂಡು ಬಾಲ್ಕನಿವರೆಗೆ ಓಡುವುದು. ಅಲ್ಲಿಂದ ಅವನು "ಹೂಂ" ಎಂದಮೇಲೇ ತಾತ ಗುಂಡಿ ಒತ್ತುವುದು. ಅದಾದ ಮೇಲೆ ಕ್ಲಬ್ಬಿನಿಂದ ಬಂದದ್ದು ಒಂದೇ ಕರೆ. ಅದೂ ಪುಟ್ಟನೇ ಕೇಳಿಕೊಂಡು ಮಾಡಿಸಿದ್ದು: ತಾತ ಬರಬೇಕು, ಗುಂಡಿ ಒತ್ತಬೇಕು.

ತೊಳೆದು, ಒರೆಸಿ, ಚಡ್ಡಿ ಏರಿಸುತ್ತಿದ್ದ ಗಂಡನನ್ನು ಅತ್ತೆಯವರು ಮಂಚದ ಮೇಲೆ ಕೂತು ನೋಡುತ್ತಿದ್ದರು. "ಮಗಳಿಗೆ ಒಂದು ದಿನ ತೊಳೆದಿದ್ರಾ?" ಎಂದು ಕೇಳಿದರು, ಜಗಳದ ದನಿಯಲ್ಲಿ ಅಲ್ಲ. ಮಗಳು ಚಡ್ಡಿಯಲ್ಲಿ ಮಾಡಿಕೊಳ್ಳುತ್ತಿದ್ದ ಕಾಲಕ್ಕೆ ಮಾವ ರಾಯಚೂರಿನ ಶಾಖೆಯಲ್ಲಿದ್ದರು, ತಿಂಗಳಿಗೊಮ್ಮೆ ಊರು. "ಈಗ ಹೇಳ್ತಾಳೆ" ಎಂದು ಹೆಂಡತಿ ಬರೆದ ಇನ್‌ಲ್ಯಾಂಡ್ ಲೆಟರು ಬಂದದ್ದು ನೆನಪಿದೆ. ಹೇಳದ ದಿನಗಳು ಹೇಗಿದ್ದವೆಂದು ಅವರು ಆಗ ವಿಚಾರಿಸಿದ ನೆನಪಿಲ್ಲ. ಏಳು ಮಹಡಿ ಮೆಟ್ಟಿಲನ್ನು ಟೈ ಕಟ್ಟಿಕೊಂಡು ಎರಡು ಸಲ ಓಡಿದ ಅಳಿಯ ಬಾಲ್ಕನಿಯ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅವನ ಫೋನಿನಲ್ಲಿ ಸ್ಟಿಕ್ಕರ್ ಚಾರ್ಟು ತೆರೆದೇ ಇತ್ತು. ಮಾವ ಕನ್ನಡಕ ಏರಿಸಿಕೊಂಡು, ತಿಣುಕಿ, ಪುಟ್ಟನ ಹೆಸರಿಗೆ ಒಂದು ನಕ್ಷತ್ರ ಹಾಕಿದರು.

ಗಾಲ್ವೆಸ್ಟನ್ನಿನಲ್ಲಿ ಇಳಿದು ಇಂಟರ್‌ಸ್ಟೇಟ್ 45ರಲ್ಲಿ ಡಲ್ಲಾಸಿನ ಕಡೆ ಹೊರಟಾಗ ಪುಟ್ಟ ಚಡ್ಡಿಯಲ್ಲೇ ಇದ್ದ, ಡೈಪರ್ ಇಲ್ಲ. ಅಳಿಯನ ಗೆಲುವಿಗೆ ಮಿತಿಯಿರಲಿಲ್ಲ. ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಹೋಯಿತು, "ನಾನು ಆಗ್ಲೇ ಹೇಳಿರ್ಲಿಲ್ವಾ" ಎಂಬ ಅಡಿಟಿಪ್ಪಣಿಯೊಂದಿಗೆ. ಹ್ಯೂಸ್ಟನ್ ದಾಟಿತು. ಹಂಟ್ಸ್‌ವಿಲ್ಲಿನ ಹತ್ತಿರ ರಸ್ತೆಬದಿಯ ಸ್ಯಾಮ್ ಹ್ಯೂಸ್ಟನ್ನನ ದೈತ್ಯ ಬಿಳಿ ಪ್ರತಿಮೆಯೂ ಹಿಂದೆ ಸರಿಯಿತು. ಪುಟ್ಟ ಗಡದ್ದಾಗಿ ನಿದ್ದೆ ಮಾಡುತ್ತಿದ್ದ, ಸೀಟು ಒಣಗಿಯೇ ಇತ್ತು.

"ಎಲ್ಲಾದ್ರೂ ನಿಲ್ಲಿಸ್ತೀರಾ?" ಎಂದು ಹಿಂದಿನ ಸೀಟಿನಿಂದ ದನಿ ಬಂತು.

ಅಳಿಯ ಕನ್ನಡಿಯಲ್ಲಿ ನೋಡಿದ. "ಪುಟ್ಟಂಗಾ ಮಾವ?"

"ಅಲ್ಲ."

ಅಳಿಯ ಮ್ಯಾಪು ನೋಡಿದ. ಮ್ಯಾಡಿಸನ್‌ವಿಲ್ಲಿನಲ್ಲಿ ಬಕೀಸ್ ಇದೆ, ಟೆಕ್ಸಸ್ಸಿನವರು ಬಚ್ಚಲಿನ ಸ್ವಚ್ಛತೆಗೆಂದೇ ಹುಡುಕಿಕೊಂಡು ಹೋಗುವ ಪೆಟ್ರೋಲ್ ಬಂಕು ಅದು. "ಇನ್ನೊಂದು ಇಪ್ಪತ್ತು ನಿಮಿಷ ಮಾವ. ತಡ್ಕೋತೀರಲ್ವಾ?"

ಮಾವ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡರು.

"ಆಲ್ಮೋಸ್ಟ್," ಎಂದರು.