ಲೇಪಮೀಮಾಂಸೆ: ಪ್ರೊಸೆಸರಿನ ನೆತ್ತಿಗೆ ಹಚ್ಚುವ ಪೇಸ್ಟ್ ಕುರಿತು ಒಂದು ಶಾಸ್ತ್ರವಿಚಾರ

ಪ್ರೊಸೆಸರಿಗೂ ಅದರ ಮೇಲೆ ಕೂರುವ ಹೀಟ್‌ಸಿಂಕಿಗೂ ನಡುವೆ ಏನು ಹಚ್ಚಬೇಕು, ಎಷ್ಟು ಹಚ್ಚಬೇಕು ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿಕೊಂಡಿಲ್ಲ. ಕೇಶಿರಾಜ ಕೂಡ ಸಂಧಿಪ್ರಕರಣದಲ್ಲಿ ಅಕ್ಷರಗಳು ಕೂಡುವ ಬಗೆ ಹೇಳಿದನೇ ಹೊರತು ಲೋಹಗಳು ಕೂಡುವ ಬಗೆ ಹೇಳಲಿಲ್ಲ. ಹೀಗಾಗಿ ಸೂತ್ರವನ್ನೂ ಭಾಷ್ಯವನ್ನೂ ನಾವೇ ಹೊಸೆಯಬೇಕಾಗಿದೆ.

ಸೂತ್ರ: ನಡುವಿನ ಗಾಳಿಯೇ ವೈರಿ.

ಭಾಷ್ಯ: ಕನ್ನಡಿಯಂತೆ ಹೊಳೆಯುವ ಲೋಹದ ಮೈಯೂ ಸೂಕ್ಷ್ಮದರ್ಶಕದಡಿ ಬರೀ ಹಳ್ಳದಿಣ್ಣೆ. ದಿಣ್ಣೆಗೆ ದಿಣ್ಣೆ ತಾಗುತ್ತದೆ, ಹಳ್ಳಗಳಲ್ಲಿ ಗಾಳಿ ಕೂರುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಮೀಟರ್-ಕೆಲ್ವಿನ್ನಿಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ತಾಮ್ರಕ್ಕೆ ಅದು ಸುಮಾರು 400, ಗಾಳಿಗೆ 0.026. ಪೇಸ್ಟಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ 4ರಿಂದ 12ರವರೆಗೆ ಬರೆದಿರುತ್ತದೆ. ಅಂದರೆ ನಾವು ಇಷ್ಟೆಲ್ಲ ಜಗಳವಾಡುತ್ತಿರುವ ವಸ್ತು ತಾಮ್ರದ ಮುಂದೆ ಲೆಕ್ಕಕ್ಕೇ ಇಲ್ಲ. ಗಾಳಿಯೊಂದೇ ಎದುರಾಳಿಯಾದ್ದರಿಂದ ಹಾಳೂರಿಗೆ ಉಳಿದವನೇ ಗೌಡ. ಪೇಸ್ಟ್ ಹೆಚ್ಚಾದಷ್ಟೂ ತಂಪು ಎಂದು ತಿಳಿದು ದೋಸೆಗೆ ಬೆಣ್ಣೆ ಬಳಿದಂತೆ ಬಳಿಯುವವರು ಈ ಭಾಷ್ಯವನ್ನು ಎರಡು ಸಲ ಓದತಕ್ಕದ್ದು. (ಡಬ್ಬಿಯ ಅಂಕಿಯನ್ನು ಎಲ್ಲ ತಯಾರಕರೂ ಒಂದೇ ವಿಧಾನದಲ್ಲಿ ಅಳೆಯುವುದಿಲ್ಲ. ಅದನ್ನು ಶ್ರುತಿಯೆಂದು ಭಾವಿಸದೆ ಅರ್ಥವಾದವೆಂದು ಭಾವಿಸಿದರೆ ಕ್ಷೇಮ.)

ಇನ್ನು ಮತಗಳು. ಬಿಂದುಮತದವರು ನಡುವೆ ಒಂದೇ ಬೊಟ್ಟು ಇಡುತ್ತಾರೆ. ರೇಖಾಮತದವರು ಗೀಟು ಎಳೆಯುತ್ತಾರೆ. ಕತ್ತರಿಮತದವರು ಇಂಟು ಗುರುತು ಹಾಕುತ್ತಾರೆ. ಪೂರ್ಣಲೇಪನ ಮತದವರು ಹಳೆಯ ಎಟಿಎಂ ಕಾರ್ಡಿನಿಂದ ಇಡೀ ಮೈಗೆ ಸವರುತ್ತಾರೆ. ಬಿಂದುಮತದ ಪರಂಪರಾಗತ ಪ್ರಮಾಣ ಬಟಾಣಿ ಗಾತ್ರ. ಆದರೆ ಹಸಿ ಬಟಾಣಿಯೋ, ಒಣ ಬಟಾಣಿಯೋ, ಚಾಟ್ಸಿಗೆಂದು ರಾತ್ರಿ ನೆನೆಹಾಕಿದ ಬಟಾಣಿಯೋ? ಈ ಸಂದೇಹಕ್ಕೆ ಪರಿಹಾರವಾಗಿ ತೊಗರಿಕಾಳನ್ನು ಮಾನದಂಡವಾಗಿಸಬೇಕೆಂದು ಕಲಬುರಗಿಯ ಪಕ್ಷ ವಹಿಸಿ ನಾವು ವಾದಿಸುತ್ತೇವೆ. ಹಳೇ ಮೈಸೂರಿನವರು ಅವರೆಕಾಳನ್ನು ತಂದರೆ ಒಪ್ಪಲಾಗದು. ಅಷ್ಟು ಪೇಸ್ಟ್ ಅಂಚಿನಿಂದ ಹೊರಗೆ ಉಕ್ಕಿ ಮದರ್‌ಬೋರ್ಡ್ ಒರೆಸುವ ಕೆಲಸ ಹಚ್ಚುತ್ತದೆ. ಸಿದ್ಧಾಂತವೇನೆಂದರೆ, ಸ್ಕ್ರೂ ಬಿಗಿಯಾದ ಮೇಲೆ ಒತ್ತಡಕ್ಕೆ ಬೊಟ್ಟೂ ಗೀಟೂ ಇಂಟೂ ತೆಳ್ಳಗೆ ಹರಡಿ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಉದ್ದನೆಯ ಪ್ರೊಸೆಸರಿಗೆ ಮಾತ್ರ ಗೀಟು ಮೇಲು.

ಗೃಹಸ್ಥಮತವೊಂದಿದೆ: ಟೂತ್‌ಪೇಸ್ಟ್ ಸಾಕೆನ್ನುವುದು. ಸ್ವಲ್ಪ ಹೊತ್ತು ನಿಜಕ್ಕೂ ಸಾಕಾಗುತ್ತದೆ. ಆಮೇಲೆ ನೀರು ಆರಿ, ಸುಣ್ಣದ ಗೋಡೆಯಂತೆ ಬಿರಿಯುತ್ತದೆ.

ದ್ರವಲೋಹದ ಪಂಥ ಉಗ್ರ ಸಾಧಕರದು. ಗ್ಯಾಲಿಯಂ ಬೆರೆತ ಈ ಮಿಶ್ರಲೋಹ ಶಾಖ ಸಾಗಿಸುವುದರಲ್ಲಿ ಪೇಸ್ಟುಗಳನ್ನು ಎಷ್ಟೋ ಹಿಂದೆ ಹಾಕುತ್ತದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರೊಳಗೂ ಸೋನಿ ಇದನ್ನೇ ಬಳಸಿದೆ. ಆದರೆ ಇದು ವಿದ್ಯುತ್ತನ್ನೂ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಗುರೂಪದೇಶವಿಲ್ಲದೆ ಕೈಹಾಕಬಾರದು.

ಮತಾಂತರದ ಚರಿತ್ರೆಯೂ ಸ್ವಾರಸ್ಯವೇ. ಚಿಪ್ಪಿಗೂ ಅದರ ಲೋಹದ ಮುಚ್ಚಳಕ್ಕೂ ಬೆಸುಗೆ ಹಾಕಿ ಎರಡಿಲ್ಲವೆಂದು ಸಾರುವುದು ಅದ್ವೈತ. 2012ರಲ್ಲಿ ಇಂಟೆಲ್ ತನ್ನ ಮೂರನೆಯ ತಲೆಮಾರಿನ ಕೋರ್ ಪ್ರೊಸೆಸರುಗಳಲ್ಲಿ ಬೆಸುಗೆ ಬಿಟ್ಟು ಮುಚ್ಚಳದೊಳಗೂ ಪೇಸ್ಟ್ ಹಚ್ಚಿ ದ್ವೈತಕ್ಕೆ ಜಾರಿತು. ಭಕ್ತರು ಕೆರಳಿ, ಬ್ಲೇಡು ಹಿಡಿದು ಮುಚ್ಚಳ ಕಿತ್ತು ತಮ್ಮದೇ ಲೇಪ ಹಚ್ಚತೊಡಗಿದರು. ಕೆಲವರು ಚಿಪ್ಪನ್ನೇ ಸೀಳಿಕೊಂಡು ಸಾಯುಜ್ಯ ಪಡೆದರು. 2018ರ ಐ9-9900ಕೆಯಲ್ಲಿ ಬೆಸುಗೆ ಮರಳಿತು.

ಎಲ್ಲ ಮತಗಳನ್ನೂ ಒಂದೇ ಏಟಿಗೆ ಖಂಡಿಸಬಲ್ಲ ಚಾರ್ವಾಕರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತಾರೆ. ‘ಸಾರ್, ಕೂಲರ್ ಜೊತೆ ಹಚ್ಚೇ ಕಳ್ಸಿರ್ತಾರಲ್ಲ, ಅದೇ ಕೂರ್ಸಿ, ಏನೂ ಆಗಲ್ಲ.’ ಪ್ರತ್ಯಕ್ಷವೊಂದನ್ನೇ ಪ್ರಮಾಣವೆನ್ನುವ ಈ ದರ್ಶನಕ್ಕೆ ಉತ್ತರ ಕೊಡಲು ನಾವು ಬಹಳ ಪ್ರಯತ್ನಿಸಿದೆವು. ಕಷ್ಟವಿದೆ. ಸಾಧಾರಣ ಪ್ರೊಸೆಸರಿನಲ್ಲಿ ಒಳ್ಳೆಯ ಪೇಸ್ಟಿಗೂ ಅತ್ಯುತ್ತಮ ಪೇಸ್ಟಿಗೂ ಇರುವ ಅಂತರ ಎರಡು ಮೂರು ಡಿಗ್ರಿಯಷ್ಟೆ. ಅದರ ಮೇಲೆ, 2022ರ ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಪೂರ್ತಿ ದುಡಿಯುವಾಗ 95 ಡಿಗ್ರಿ ಮುಟ್ಟುವುದು ಸಹಜವೆಂದು ಎಎಂಡಿಯೇ ಹೇಳಿಬಿಟ್ಟಿತು. ತಂಪು ಹೆಚ್ಚಿಸಿದರೆ ಅವು ಇನ್ನಷ್ಟು ಜೋರಾಗಿ ಓಡಿ ಮತ್ತೆ ಅಲ್ಲಿಗೇ ಬರುತ್ತವೆ.

ಆದುದರಿಂದ ತೀರ್ಪು: ಹೆಸರಿರುವ ಯಾವುದಾದರೂ ಸಾಧಾರಣ ಪೇಸ್ಟ್ ಕೊಳ್ಳಿ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿಕಾಳಿನಷ್ಟು ಇಟ್ಟು, ಸ್ಕ್ರೂಗಳನ್ನು ಕರ್ಣಾಕಾರವಾಗಿ ಒಂದಾದ ಮೇಲೊಂದರಂತೆ ಬಿಗಿಯಿರಿ. ಮತ್ತು ಇಷ್ಟು ಶಾಸ್ತ್ರ ಓದಿದ ವಿದ್ವಾಂಸರೂ ಮರೆಯುವುದೊಂದಿದೆ: ಹೀಟ್‌ಸಿಂಕಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕಿತ್ತುಹಾಕಿ.