ದಫ್ತರ ಮೀಮಾಂಸೆ: ಕಲ್ಯಾಣ–ಹುಮನಾಬಾದ್ ಶಾಖೆ

ಇನ್ನು ದಫ್ತರದ ವಿಚಾರ. ಅಡತಿ ಅಂಗಡಿಯ ಕಾಗದಪತ್ರ ನಿತ್ಯವೋ ಅನಿತ್ಯವೋ ಎಂಬುದು ಬಸವಕಲ್ಯಾಣ, ಹುಮನಾಬಾದುಗಳ ಗಾದಿಗಳ ಮೇಲೆ ಬಹುಕಾಲದಿಂದ ನಡೆದಿರುವ ಜಿಜ್ಞಾಸೆ. ಕಾಗದ ಹುಟ್ಟುತ್ತದೆ, ಸಾಯುವುದಿಲ್ಲ; ಬೇಕಾದಾಗ ಮಾತ್ರ ಕಾಣುವುದಿಲ್ಲ. ಇಷ್ಟರ ಮಟ್ಟಿಗೆ ಸರ್ವಸಮ್ಮತಿಯಿದೆ. ನಿತ್ಯವೂ ಅಗೋಚರವೂ ಆದದ್ದನ್ನು ವೇದಾಂತಿಗಳು ಬ್ರಹ್ಮವೆಂದರು. ನಮ್ಮವರು ‘ಹೋದ ವರ್ಷದ ತೊಗರಿ ಪಟ್ಟಿ’ ಎನ್ನುತ್ತಾರೆ.

ಸಂಪ್ರದಾಯಗಳು ಮುಖ್ಯವಾಗಿ ಎರಡು. ಕಲ್ಯಾಣದ ಚೀಲವಾದಿಗಳು ಬಿಲ್ಲು, ಬಿಲ್ಟಿ, ಕರೆಂಟ್ ಬಿಲ್ಲು, ಲಗ್ನಪತ್ರಿಕೆ ಎಂಬ ಭೇದವೆಣಿಸದೆ ಎಲ್ಲವನ್ನೂ ಒಂದೇ ಸಕ್ಕರೆ ಚೀಲಕ್ಕೆ ತುಂಬುವ ಅದ್ವೈತಿಗಳು. ಹುಮನಾಬಾದಿನ ತಂತಿವಾದಿಗಳು ಪ್ರತಿ ಕಾಗದವೂ ಬೇರೆಯೆಂದು ಒಪ್ಪಿ, ಒಂದೊಂದರ ಹೊಟ್ಟೆಗೂ ತಂತಿ ಚುಚ್ಚಿ ಗೋಡೆಗೆ ತೂಗುಬಿಡುವ ದ್ವೈತಿಗಳು. ತಂತಿಯಲ್ಲಿ ಕಾಲಾನುಕ್ರಮವಿದೆ, ನಿಜ. ಆದರೆ ಏಪ್ರಿಲ್ ತಿಂಗಳ ಬಿಲ್ಲು ಬೇಕಾದವನು ಮಾರ್ಚಿಯಿಂದ ಹಿಂದಕ್ಕೆ ಇಡೀ ವರ್ಷವನ್ನೇ ಕಳಚಬೇಕು. ಕಳಚಿದರೆ ತೂತು ಬಿದ್ದಿರುವುದು ಮೊತ್ತದ ಮೇಲೆಯೇ. ಟ್ಯಾಲಿ ಪಂಥವೆಂಬ ಮೂರನೆಯದೂ ಇದೆ. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯೊಂದರ ಈ ತಂತ್ರಾಂಶದಲ್ಲಿ ಎಲ್ಲ ಲೆಕ್ಕವೂ ಅಡಗಿದೆ. ಪಾಸ್‌ವರ್ಡ್ ಮಾತ್ರ ಅಕೌಂಟೆಂಟ್ ಹುಡುಗನ ತಲೆಯಲ್ಲಿದೆ.

ಶಾಸ್ತ್ರಾಧಾರಕ್ಕೆ ನಾವು ದೂರ ಹೋಗಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ. ಬರಹ, ಭೋಗ, ಸಾಕ್ಷಿ ಎಂದು ಆ ಸ್ಮೃತಿ ಹೇಳುವ ಪ್ರಮಾಣಗಳು ಮೂರು. ಅಡತಿ ಬಜಾರು ಇವಕ್ಕೆ ನಾಲ್ಕನೆಯದನ್ನು ಸೇರಿಸಿ, ಮೊದಲ ಮೂರನ್ನೂ ಕೈಬಿಟ್ಟಿದೆ: ಮುನೀಮರ ನೆನಪು. “ಎಲ್ಲಿ ಹೋಗ್ತದ್ರಿ ಸಾವಕಾರ್ರ, ಇಲ್ಲೇ ಅದ” ಎಂಬುದು ಈ ಪ್ರಮಾಣದ ಮೂಲಸೂತ್ರ. ‘ಇಲ್ಲೇ’ ಎಂದರೆ ಎಲ್ಲಿ ಎಂದು ಕೇಳುವುದು ಅವಿಶ್ವಾಸ. ಅದಕ್ಕೆ ಯಾರೂ ಕೇಳುವುದಿಲ್ಲ.

ಪತ್ರ ದೇಶಾಂತರದಲ್ಲಿದ್ದರೆ, ಅಕ್ಷರ ಕೆಟ್ಟಿದ್ದರೆ, ಕಳೆದಿದ್ದರೆ, ಅಳಿಸಿಹೋಗಿದ್ದರೆ, ಕಳುವಾಗಿದ್ದರೆ, ಹರಿದಿದ್ದರೆ, ಸುಟ್ಟಿದ್ದರೆ, ತುಂಡಾಗಿದ್ದರೆ ಇನ್ನೊಂದು ಬರೆಸಬೇಕೆಂದು ಸ್ಮೃತಿಯ ಅಪ್ಪಣೆ. ಎಂಟು ಬಗೆ. ವಿನಯದಿಂದಲೇ ನಾವು ಇನ್ನೆರಡನ್ನು ಸೂಚಿಸುತ್ತೇವೆ: ದೀಪಾವಳಿ ಸುಣ್ಣ ಹೊಡೆಯುವಾಗ ಮಾಳಿಗೆ ಸೇರಿದ್ದು, ಮಿರ್ಚಿ ಭಜಿ ಕಟ್ಟಲು ಹೋದದ್ದು. ದೇಶಾಂತರಕ್ಕಂತೂ ಇಲ್ಲಿ ಕಷ್ಟಪಡಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಒಂದು ಕಡೆ ಮಹಾರಾಷ್ಟ್ರದ ಉಮರ್ಗಾ, ಇನ್ನೊಂದು ಕಡೆ ತೆಲಂಗಾಣದ ಜಹೀರಾಬಾದ್. ಡ್ರೈವರ್ ಸೀಟಿನ ಅಡಿಯಲ್ಲಿ ಮರೆತ ಬಿಲ್ಟಿ ಒಂದೇ ದಿನದಲ್ಲಿ ಮೂರು ರಾಜ್ಯ ಸುತ್ತುತ್ತದೆ.

ಕಾಲನಿರ್ಣಯವೂ ಸುಲಭವಲ್ಲ. ವಿಕ್ರಮಾದಿತ್ಯ 1076ರಲ್ಲಿ ಶಕವರ್ಷವನ್ನು ಸರಿಸಿ ತನ್ನದೇ ವರ್ಷ ಶುರುಮಾಡಿದ. ನಿಜಾಮನ ಕಚೇರಿಗಳು ಫಸಲಿ ಎಣಿಸಿದವು. ವ್ಯಾಪಾರಿಗಳು ದೀಪಾವಳಿಗೆ ಹೊಸ ವಹಿ ಪೂಜಿಸಿದರು. ಆದಾಯ ತೆರಿಗೆಯವರು 1989ರಿಂದ ಎಲ್ಲರಿಗೂ ಮಾರ್ಚ್ 31 ಎಂದರು. ಅದರ ಮೇಲೆ ಲಿಪಿಯ ತೊಡಕು: ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಮೋಡಿ ಇದೆ, ಉರ್ದು ಇದೆ, ಮೊಮ್ಮಗನಿಗೆ ಎರಡೂ ಬಾರವು. ಓದಲು ಬಾರದ ಕಾಗದವನ್ನು ಯಾರೂ ಎಸೆಯುವುದಿಲ್ಲ, ಅದರಲ್ಲಿ ಹೊಲವಿರಬಹುದು.

ಇಲ್ಲಿ ವ್ಯಂಗ್ಯ ಬಿಟ್ಟು ಒಂದು ಮಾತು. ಕಲ್ಯಾಣದಲ್ಲಿ ಗಲಭೆಯಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಪರಂಪರೆಯ ನಂಬಿಕೆ. ಯಾವ ಕಟ್ಟು ಎತ್ತಬೇಕೆಂದು ಅವರಿಗೆ ಗೊತ್ತಿತ್ತು. ಇಂದು ಅಂಗಡಿಗೆ ಬೆಂಕಿ ಬಿದ್ದರೆ ಯಾವ ಚೀಲ ಮೊದಲು ಎತ್ತುತ್ತೀರಿ ಎಂದು ಸಾವಕಾರರನ್ನು ಕೇಳಿ ನೋಡಿ. ಗಲ್ಲಾಪೆಟ್ಟಿಗೆ ಎನ್ನುತ್ತಾರೆ. ಉದ್ರಿ ವಹಿ ಸುಟ್ಟ ಮೇಲೆ ಗಲ್ಲಾಕ್ಕೆ ಬರುವುದೇನು?

ಸಿದ್ಧಾಂತ ಹೀಗೆ. ಸಾಲದಲ್ಲಿ ಬಂದಷ್ಟನ್ನು ಆಗಾಗ ಪತ್ರದ ಬೆನ್ನಿಗೇ ಬರೆಯಬೇಕು, ಪೂರ್ತಿ ತೀರಿದ ದಿನ ಪತ್ರ ಹರಿಯಬೇಕು ಎಂಬುದೂ ಅದೇ ಸ್ಮೃತಿಯ ಮಾತೇ. ನಮ್ಮವರು ಬರೆಯುವುದೂ ಇಲ್ಲ, ಹರಿಯುವುದೂ ಇಲ್ಲ. ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಿ ಎನ್ನುತ್ತದೆ; ಅಪೀಲು ನಡೆದಿದ್ದರೆ ತೀರ್ಪಾಗಿ ವರ್ಷದವರೆಗೂ ಇಡಬೇಕು. ಮೂರು ತಲೆಮಾರು ಇಡಿ ಎಂದು ಅದು ಎಲ್ಲೂ ಹೇಳಿಲ್ಲ. ಆದ್ದರಿಂದ ಚೀಲವಾದಿಗಳು ವರ್ಷಕ್ಕೊಂದು ಚೀಲ ಮಾಡಿ, ಬಾಯಿಗೆ ಇಸವಿಯ ಚೀಟಿ ಕಟ್ಟಲಿ. ತಂತಿವಾದಿಗಳು ತಿಂಗಳಿಗೊಂದು ತಂತಿ ಹಿಡಿದು, ಮೂಲೆಗೆ ಚುಚ್ಚಲಿ. ಹೊಲಮನೆಯ ಪತ್ರ ಇವೆರಡರಿಂದಲೂ ದೂರವಿರಲಿ. ಟ್ಯಾಲಿಯವರು ಆ ಪಾಸ್‌ವರ್ಡನ್ನು ಇವತ್ತೇ ಒಂದು ಕಾಗದದ ಮೇಲೆ ಬರೆಸಿಕೊಳ್ಳಲಿ, ಹುಡುಗ ಪುಣೆಯಲ್ಲಿ ಕೆಲಸ ಹುಡುಕುತ್ತಿದ್ದಾನೆ.